ಬೇಲಿಗೆ ಕಟ್ಟಿದ ಸೋಪು

ಪೊನ್ನಂಪೇಟೆ ಹತ್ತಿರದ ಎಸ್ಟೇಟ್ ಲೈನ್,
ಜನವರಿ ಹದಿನೆಂಟು, ರಾತ್ರಿ

ಪ್ರೀತಿಯ ಅವ್ವ,

ಕಾಗದ ಅಂದರೆ ಮೊದಲು ಊರು, ತಾರೀಖು, ಆಮೇಲೆ ಆರೋಗ್ಯ, ಉಳಿದದ್ದೆಲ್ಲ ಅದರ ಹಿಂದೆ ಅಂತ ನೀನೇ ಹೇಳಿಕೊಟ್ಟದ್ದು. ಇದನ್ನ ಬಾಯಲ್ಲಿ ಹೇಳ್ತಿರೋ ಕಾಗದ ಅಂದ್ಕೊ. ಹೇಗಿದ್ದೀಯ? ಮಂಡಿ ನೋವು ಕಮ್ಮಿ ಆಯ್ತಾ? ಕಾಫಿ ಹಣ್ಣು ಕುಯ್ಯೋಕೆ ಜೀಪಲ್ಲಿ ಹೋಗ್ತಿದ್ದೀನಿ ಅಂದೆಯಲ್ಲ, ಹಿಂದಿನ ಸೀಟಲ್ಲಿ ಕೂರಬೇಡ, ಆ ಕುಲುಕಾಟಕ್ಕೆ ಮಂಡಿ ಮತ್ತೆ ಹಿಡ್ಕೊಳ್ಳುತ್ತೆ. ತಂಗಿ ಚಂದನಾಳ ಕೆಮ್ಮು ಹೇಗಿದೆ? ಕಾಲೇಜಿಗೆ ಹೋಗೋ ಅವಸರದಲ್ಲಿ ತಣ್ಣೀರು ಸುರ್ಕೊಳ್ತಾಳೆ, ಬಯ್ಯಿ ಅವಳಿಗೆ. ನಾನು ಚೆನ್ನಾಗಿದ್ದೀನಿ. ಎರಡು ದಿನದಿಂದ ಊಟ ಸೇರ್ತಿಲ್ಲ, ಅಷ್ಟೆ. ಈ ಕೂಲಿ ಲೈನ್ ಮನೆ ಗೋಡೆ ತೆಳು, ಪಕ್ಕದಲ್ಲಿ ಮಕ್ಕಳು ಮಲಗಿವೆ, ಅದಕ್ಕೇ ಕಂಬಳಿ ಮುಸುಕು ಹಾಕ್ಕೊಂಡು ಮೆಲ್ಲಗೆ ಮಾತಾಡ್ತಿದ್ದೀನಿ. ಬೆರಳು ಜಾರಿದರೆ ವಾಯ್ಸ್ ಅಲ್ಲಿಗೇ ಕಟ್ ಆಗಿ ಹೊರಟುಹೋಗುತ್ತೆ, ಬೇರೆ ಮಾಡಿ ಕಳಿಸ್ತೀನಿ. ನೀನು ಮೇಲಿಂದ ಒಂದೊಂದೇ ಒತ್ತಿ ಕೇಳು. ಮುಖ್ಯವಾದದ್ದು ಮೊದಲೇ ಹೇಳಿಬಿಡ್ತೀನಿ. ದಾರಿ ಬೇಲಿಗೆ ಕಟ್ಟಿದ್ದೀಯಲ್ಲ ನಾನು ಕಳಿಸಿದ ಸೋಪು, ಅದನ್ನ ಬಿಚ್ಚಿ ತೆಗೀಬೇಕು ಅವ್ವ. ಒಂದು ಚೂರೂ ಬಿಡದೆ. ತಡ ಮಾಡಬೇಡ, ಇವತ್ತೇ

ಬೆರಳು ಜಾರಿತು ನೋಡು. ಇವತ್ತೇ ಅಂದರೆ ನೀನು ಇದನ್ನ ಕೇಳಿದ ದಿನವೇ, ಚೆನ್ನಾಗಿ ಬಿಸಿಲು ಏರಿದ ಮೇಲೆ. ನಾಲ್ಕು ಜನರನ್ನ ಕೂಡಿಸ್ಕೊಂಡು, ತಟ್ಟೆ ಬಡ್ಕೊಂಡು, ಗದ್ದಲ ಮಾಡ್ಕೊಂಡು ಹೋಗಿ ಬಿಚ್ಚಬೇಕು. ಒಬ್ಬಳೇ ಹೋಗಬೇಡ. ಯಾಕೆ ಅಂತ ಹೇಳದಿದ್ದರೆ ನೀನು "ಹಂದಿಗೆ ಹೆದರಿ ನಡುಗ್ತಾನೆ ನನ್ನ ಮಗ" ಅಂತ ಚಂದನಾಳ ಹತ್ತಿರ ಹೇಳಿ ನಗ್ತೀಯ. ಇದು ಹಂದಿ ವಿಷಯ ಅಲ್ಲ. ಮೊದಲಿಂದ ಹೇಳ್ತೀನಿ, ಪೂರ್ತಿ ಕೇಳು.

ನನ್ನ ಕಾಲಲ್ಲಿ ಚಕ್ರ ಇದೆ ಅಂತಿದ್ದೆ ನೀನು. ಹಾಸನದ ಢಾಬಾ, ಕುಶಾಲನಗರದ ಟೈಲ್ಸ್ ಅಂಗಡಿ, ಮೈಸೂರಿನ ಲಾಡ್ಜು, ಎಲ್ಲೂ ನಿಲ್ಲದ ಕಾಲು ಇಲ್ಲಿ ಯಮುನಾ ಮೇಡಂ ಹೋಂಸ್ಟೇ ಹಿಂದಿನ ಸೋಪಿನ ಶೆಡ್ಡಲ್ಲಿ ಹೇಗೆ ನಿಂತಿತು ಅಂತ ನನಗೇ ಆಶ್ಚರ್ಯ. ಮೇಡಂ ಕೊಡವರು, ನನ್ನನ್ನ "ಮೋನೆ" ಅಂತ ಕರೀತಾರೆ, ಅವರ ಭಾಷೇಲಿ ಮಗಾ ಅಂತ. ಹುತ್ತರಿ ಹಬ್ಬ ಕಳೆದ ಮೇಲೆ ಈ ಕಡೆ ಮದುವೆಗಳ ಸಾಲು. ಮದುವೆ ಅಂದರೆ ಹಂದಿ. ಮಾಂಸ ಅಡಿಗೆಗೆ ಹೋಗುತ್ತೆ, ಹೆಚ್ಚಾದ ಕೊಬ್ಬು ಡಬ್ಬಿಗಟ್ಟಲೆ ನಮ್ಮ ಶೆಡ್ಡಿಗೆ ಬರುತ್ತೆ. ಅದನ್ನ ಸಣ್ಣಗೆ ಹೆಚ್ಚಿ, ಹಂಡೆಗೆ ಹಾಕಿ, ನೀರು, ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಕರಗಿಸೋದು. ಬಟ್ಟೇಲಿ ಸೋಸಿಟ್ಟರೆ ಬೆಳಿಗ್ಗೆಗೆ ಬೆಣ್ಣೆ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿರುತ್ತೆ. ಆಮೇಲೆ ಸೋಡಾ ನೀರು. ಅಡಿಗೆ ಸೋಡಾ ಅಲ್ಲ, ಚರ್ಮ ಸುಡೋ ಜಾತಿದು. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಹುಯ್ದರೆ ಮುಖಕ್ಕೇ ಹಾರುತ್ತೆ. ಆ ನೀರನ್ನ ಕರಗಿದ ಕೊಬ್ಬಿಗೆ ಹುಯ್ದು ದೋಸೆ ಹಿಟ್ಟಿನ ಹದಕ್ಕೆ ಬರೋವರೆಗೂ ಕೋಲಲ್ಲಿ ತಿರುಗಿಸ್ತಾ ಇರೋದು. ಕಿತ್ತಳೆ ಸಿಪ್ಪೆ ಪುಡಿ, ಕಾಫಿ ಪುಡಿ ಬೆರೆಸಿ ಮರದ ಪೆಟ್ಟಿಗೆಗೆ ಸುರಿದು, ಗಟ್ಟಿಯಾದ ಮೇಲೆ ತಂತಿಯಲ್ಲಿ ಕತ್ತರಿಸಿ, ತಿಂಗಳ ಮೇಲೆ ಒಣಗಿಸಿದರೆ ಸೋಪು. ಹೊಟ್ಟೆಗೆ ಹಂದಿ ಮುಟ್ಟದವನು ಮೊಣಕೈವರೆಗೂ ಅದರಲ್ಲೇ ಇದ್ದೀನಿ ಅಂತ ಪಕ್ಕದ ಮನೆ ಚೋಮಿಗೆ ನನ್ನ ಕಂಡರೆ ತಮಾಷೆ. "ಕೊಬ್ಬಲ್ಲಿ ಮುಳುಗಿ ಏಳ್ತೀಯ, ಒಂದು ತುಂಡು ತಿನ್ನು ಅಂದ್ರೆ ಶಿವಾ ಅಂತೀಯ" ಅಂತ ಸೊಂಟಕ್ಕೆ ಕೈ ಇಟ್ಕೊಂಡು ನಗ್ತಿದ್ದಳು. ಹಲ್ಲಿಲ್ಲದ ಬಾಯಿ, ಆದರೂ ಎಲೆ ಅಡಿಕೆ ಬಿಡ್ತಿರಲಿಲ್ಲ. ನನಗೆ ಜ್ವರ ಬಂದಾಗ ಗಂಜಿ ಕಾಯಿಸಿ ತಂದಿಟ್ಟು, "ನನ್ನ ಪಾತ್ರೇಲಿ ಹಂದಿ ಬೇಯಿಸಿಲ್ಲ ಮಾರಾಯ, ಹೊಸದು, ಕುಡಿ" ಅಂದಿದ್ದಳು. ಅವಳ ವಿಷಯ ನಿನಗೆ ಆಗಲೇ ಹೇಳಿದ್ದೆ.

ಹೋದ ತಿಂಗಳು ಮೇಡಂಗೆ ಹೊಸ ಯೋಚನೆ ಬಂತು. ಯಾರೋ ಗೆಸ್ಟು ಸೋಪು ಹಾಕ್ಕೊಂಡು ಕೈ ಉರಿ ಅಂದರಂತೆ. "ಸೋಡಾ ಕಮ್ಮಿ ಹಾಕು ಮೋನೆ, ಪೇಟೆಯವರ ಚರ್ಮ ಮೆತ್ತಗೆ" ಅಂದರು. ಕಮ್ಮಿ ಹಾಕಿದೆ. ಇನ್ನೂ ಕಮ್ಮಿ ಅಂದರು. ಅಷ್ಟು ಕೊಬ್ಬನ್ನ ಸೋಪು ಮಾಡೋಕೆ ಅಷ್ಟು ಸೋಡಾ ಸಾಲಲ್ಲ ಅವ್ವ. ಪೆಟ್ಟಿಗೆ ಬಿಚ್ಚಿದರೆ ಬಿಲ್ಲೆ ಬೆವರ್ತಾ ಇತ್ತು. ಮುಟ್ಟಿದರೆ ಬೆರಳಿಗೆ ಜಿಡ್ಡು, ಮೂಸಿದರೆ ಕಿತ್ತಳೆ ವಾಸನೆ ಅಡಿಯಲ್ಲಿ ಹಸಿ ಕೊಬ್ಬಿನ ವಾಸನೆ. ಗೆಸ್ಟಿಗೆ ಕೊಡೋ ಹಾಗಿರಲಿಲ್ಲ, ಎಸೆಯೋಕೆ ಮೇಡಂ ಒಪ್ಪಲಿಲ್ಲ. ಈ ಕಡೆ ಒಂದು ಪದ್ಧತಿ ಇದೆ, ಗೆಣಸು ಹಾಕಿದ ಜಾಗಕ್ಕೆ ಕಾಡುಹಂದಿ ನುಗ್ಗದ ಹಾಗೆ ಬೇಲಿಗೆ ಸೋಪು ಕಟ್ಟೋದು. ಅಂಗಡಿ ಸೋಪಿನ ಘಾಟಿಗೆ ಹಂದಿ ಹತ್ತಿರ ಬರಲ್ಲ ಅಂತ. "ಇದನ್ನೇ ಲೈನಿನ ಬೇಲಿಗೆ ಕಟ್ಟಿಬಿಡಿ" ಅಂದರು ಮೇಡಂ. ಎಸ್ಟೇಟ್ ಲೆಕ್ಕ ಬರೆಯೋ ರೈಟರ್ ಜಯಪ್ಪನವರೇ ನಿಂತು, ದಾರಕ್ಕೆ ಪೋಣಿಸಿ, ಮಾರಿಗೊಂದರಂತೆ ಕಟ್ಟಿಸಿದರು. ಇದು ಅಂಗಡಿ ಸೋಪಲ್ಲ, ಅರ್ಧಕ್ಕರ್ಧ ಕೊಬ್ಬು ಅನ್ನೋದು ಯಾರ ತಲೆಗೂ ಹೋಗಲಿಲ್ಲ. ಕೊಬ್ಬು ಕರಗಿಸೋ ನನ್ನ ತಲೆಗೂ ಹೋಗಲಿಲ್ಲ.

ಅದಕ್ಕೆ ಮುಂಚೆಯೇ ಆ ಬಿಲ್ಲೆಗಳಲ್ಲಿ ಒಂದು ಚೀಲ ಕೊಡ್ಲಿಪೇಟೆ ಬಸ್ಸಿಗೆ ಹಾಕಿ ನಿನಗೆ ಕಳಿಸಿದ್ದೆ. ಮಗ ಕೈಯಾರೆ ಮಾಡಿದ್ದು ನೋಡಲಿ ಅಂತ. ಬಟ್ಟೆಗಾದರೂ ಆಗುತ್ತೆ ಅಂದ್ಕೊಂಡಿದ್ದೆ. ಯಾತರಿಂದ ಮಾಡಿದ್ದು ಅಂತ ನೀನು ಕೇಳಿದೆ, ನಾನು ಹೇಳಿದೆ. ಕೊರಳಲ್ಲಿ ಲಿಂಗ ಕಟ್ಟಿರೋ ನೀನು ಅದನ್ನ ಬಚ್ಚಲಿಗೆ ಬಿಡ್ತೀಯಾ? "ಒಳಗೆ ತರೋಕೆ ದೇವರು ಬಿಡಲ್ಲ, ಹೊರಗೆ ಎಸೆಯೋಕೆ ಹೊಟ್ಟೆ ಬಿಡಲ್ಲ, ಏನ್ ಮಾಡಲಪ್ಪ" ಅಂತ ನೀನು ಕಳಿಸಿದ ವಾಯ್ಸ್ ಕೇಳಿ ನಾನೂ ಚೋಮಿಯೂ ಎಷ್ಟು ನಕ್ಕಿದ್ವಿ. ಇಲ್ಲಿ ಬೇಲಿಗೆ ಕಟ್ತಾರೆ, ನೀನೂ ಶುಂಠಿ ಪಾತಿ ಬೇಲಿಗೆ ಕಟ್ಟು ಅಂತ ಶುರು ಮಾಡಿದ್ದೆ. ಎತ್ತರಕ್ಕೆ ಕಟ್ಟು, ಮನೆಯಿಂದ ದೂರ ಕಟ್ಟು ಅಂತ ಆಮೇಲೆ ಹೇಳಿದ್ದು ನೀನು ಕೇಳಲೇ ಇಲ್ಲ. ಫೋನ್ ಸಿಗೋ ಆ ಬಂಡೆಯಿಂದ ಇಳಿದು, ಕಾಫಿನೂ ಕುಡಿಯದೆ, ಮನೆಯಿಂದ ಬಂಡೆಗೆ ಹೋಗೋ ದಾರಿ ಉದ್ದಕ್ಕೂ ಕಟ್ಟಿ ಮುಗಿಸಿದ್ದೆ. "ಅಣ್ಣಾ, ನೀನು ಅರ್ಧ ಮಾತಾಡಿದರೆ ಸಾಕು, ಅವ್ವ ಬಾಕಿ ಅರ್ಧ ಕೇಳೋದೇ ಇಲ್ಲ, ಕೆಲಸ ಮುಗಿಸಿರ್ತಾಳೆ" ಅಂತ ಚಂದನಾ ಹೇಳಿದ್ದು ಅವತ್ತೇ.

ಇಲ್ಲಿ ಮೊದಲು ಆದದ್ದು ಏನು ಗೊತ್ತಾ? ಸೋಪಿಗೆ ಹಲ್ಲು ಬಿತ್ತು. ಬೆಳಿಗ್ಗೆ ನೋಡಿದರೆ ಕೆಳಗೆ ಕಟ್ಟಿದ್ದೆಲ್ಲ ಅರ್ಧರ್ಧ ಕಚ್ಚಿತ್ತು, ನೆಲದ ತುಂಬ ಹಂದಿ ಹೆಜ್ಜೆ. ಓಡಿಸೋಕೆ ಕಟ್ಟಿದ್ದನ್ನ ಹುಡುಕ್ಕೊಂಡು ಬರ್ತಿದ್ದವು. ಹಂದಿ ಹಲ್ಲಿಗೆ ಸೋಪು ಹಾಕಿ ತೊಳ್ಕೊಂಡು ಹೋದವು ಅಂತ ಲೈನಲ್ಲಿ ಎಲ್ಲರೂ ನಕ್ಕರು. ಚೋಮಿಯ ನಾಯಿ ಗುಂಡನೂ ಹಿಂಗಾಲ ಮೇಲೆ ನಿಂತು ಸೋಪು ನೆಕ್ಕೋದು, ಅವಳು ಪೊರಕೆ ತಗೊಂಡು ಅಟ್ಟೋದು. ಆಮೇಲೆ ಒಂದು ದಿನ ಗುಂಡ ಕಾಣಲಿಲ್ಲ. "ನಾಯಿ ತಾನೆ, ಎಲ್ಲೋ ಓಡಿಹೋಗಿರುತ್ತೆ" ಅಂದರು ರೈಟರ್. ಚೋಮಿ ಎರಡು ದಿನ ಬೇಲಿ ಹತ್ತಿರ ನಿಂತು ಕರೆದಳು. ಅವಳ ದನಿ ನನ್ನ ಶೆಡ್ಡಿಗೆ ಕೇಳ್ತಿತ್ತು. ಕರೆದಾಗಲೆಲ್ಲ ಕಾಫಿ ಗಿಡಗಳ ಮಧ್ಯೆ ಹಕ್ಕಿಗಳ ಸದ್ದು ನಿಂತುಹೋಗೋದು. ಅದನ್ನ ಆಗ ಗಮನಿಸಿದ್ದೆ, ಏನೂ ಅಂದ್ಕೊಳ್ಳಲಿಲ್ಲ. ಆಮೇಲೆ ಹಂದಿಗಳೂ ಬರೋದು ನಿಲ್ಲಿಸಿದವು. ಸೋಪು ಕೆಲಸ ಮಾಡ್ತು ನೋಡಿ ಅಂತ ಮೇಡಂಗೆ ಖುಷಿಯೋ ಖುಷಿ.

ಮೊನ್ನೆ ಸಾಯಂಕಾಲ ಎಲ್ಲರೂ ಹಣ್ಣು ತೂಕ ಹಾಕಿಸೋಕೆ ಕಣದ ಹತ್ತಿರ ಇದ್ದರು. ಇನ್ನೂ ಬಿಸಿಲಿತ್ತು. ಚೋಮಿ ತನ್ನದು ಮೊದಲೇ ತೂಗಿಸ್ಕೊಂಡು ಬಂದಳು. "ಇಷ್ಟು ಸೋಪು ಹಂದಿಗೆ ಹಾಕೋ ಬದಲು ನಾನು ಸೀರೆ ಒಗೀತೀನಿ, ಒಂದು ಬಿಚ್ಕೊಂಡು ಬರ್ತೀನಿ" ಅಂತ ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದಳು. ನಾನು ಹಂಡೆ ತಿರುಗಿಸ್ತಿದ್ದೆ, ಹೋಗು ಅಂದೆ. ಕತ್ತಿ ತಗೊಂಡು ಹೋದಳು. ಹಂಡೆ ಇಳಿಸಿದೆ, ಸೋಸಿದೆ, ಕೈ ತೊಳೆದೆ, ಅವಳು ಬರಲಿಲ್ಲ. ಬೇಲಿ ಹತ್ತಿರ ಹೋದರೆ ಕತ್ತಿ ಬಿದ್ದಿತ್ತು. ಕತ್ತರಿಸಿದ ದಾರ ಗಾಳಿಗೆ ಅಲ್ಲಾಡ್ತಿತ್ತು. ಕೂಗಿದ ಸದ್ದು ನನಗೆ ಕೇಳಲೇ ಇಲ್ಲ ಅವ್ವ. ಅಷ್ಟು ಹತ್ತಿರ ಇದ್ದೆ. ಜನ ಸೇರಿ, ಪಟಾಕಿ ಹೊಡೀತಾ ಒಳಗೆ ಹೋದಾಗ ಕಾಫಿ ಗಿಡಗಳ ನಡುವೆ, ಮಳೆ ನೀರು ನಿಲ್ಲೋಕೆ ತೆಗೆದ ತೊಟ್ಟಿಲು ಗುಂಡಿಯಲ್ಲಿ ಸಿಕ್ಕಳು. ಹೇಗಿದ್ದಳು ಅಂತ ಹೇಳಲ್ಲ. ಹೆಂಗಸರು ಉಟ್ಟ ಸೀರೆ ಬಿಚ್ಚಿ ಹೊದಿಸಿದರು. ಕೈ ಮಾತ್ರ ಹೊರಗಿತ್ತು, ಮುಷ್ಟಿ ಬಿಗಿಯಾಗಿತ್ತು. ಬಿಡಿಸಿದರೆ ಒಳಗೆ ನನ್ನ ಸೋಪು.

ಇವತ್ತು ಫಾರೆಸ್ಟ್‌ನವರು ಬಂದು, ನಿನ್ನೆ ಬೇಲಿ ಎದುರಿನ ಮರಕ್ಕೆ ಕಟ್ಟಿದ್ದ ಕ್ಯಾಮೆರಾ ಬಿಚ್ಚಿದರು. ಗಾರ್ಡ್ ಒಬ್ಬ ನಮಗೂ ತೋರಿಸಿದ. ದೊಡ್ಡ ಗಂಡು ಹುಲಿ. ಬೇಲಿ ಉದ್ದಕ್ಕೂ ನಡ್ಕೊಂಡು ಬಂದು, ಒಂದು ಸೋಪಿನ ಕೆಳಗೆ ನಿಲ್ಲುತ್ತೆ. ಮುಖ ಎತ್ತುತ್ತೆ. ಮುಂದಿನದರ ಹತ್ತಿರ ಹೋಗಿ ಅಲ್ಲೂ ನಿಲ್ಲುತ್ತೆ. ತಿನ್ನಲ್ಲ. ಆಮೇಲೆ ಬೇಲಿ ಬುಡದಲ್ಲಿ ಮಲಗಿಬಿಡುತ್ತೆ, ತಲೆ ಲೈನಿನ ಕಡೆಗೆ. ಹಂದಿ ಬರೋ ಜಾಗ, ನಾಯಿ ಬರೋ ಜಾಗ ಅಂತ ಅದಕ್ಕೆ ಗೊತ್ತಾಗಿಬಿಟ್ಟಿದೆ. ಅಲ್ಲಿ ಕಾಯ್ತಾ ಇದ್ದರೆ ಏನಾದರೂ ಒಂದು ಬಂದೇ ಬರುತ್ತೆ ಅಂತ. ಫೋಟೊ ನೋಡ್ತಿದ್ದ ಹಾಗೆ ಗಾರ್ಡ್ ಕೇಳಿದ, "ಈ ಸೋಪನ್ನ ಇನ್ನೆಲ್ಲಾದರೂ ಕಟ್ಟಿದ್ದೀರಾ?" ಮೇಡಂ ಇಲ್ಲ ಅಂದರು. ಪಾಪ, ಅತ್ತು ಅತ್ತು ಅವರ ದನಿ ಬಿದ್ದುಹೋಗಿತ್ತು. ನಮ್ಮ ಮನೆ ಹತ್ತಿರ ಕಟ್ಟಿದ್ದೀವಿ ಅಂತ ನಾನು ಹೇಳಿದೆ. ಆಗಿಂದ ನಿನಗೆ ಫೋನ್ ಮಾಡ್ತಾನೇ ಇದ್ದೀನಿ. ಬಂಡೆ ಬಿಟ್ಟು ನಮ್ಮೂರಲ್ಲಿ ಎಲ್ಲೂ ನೆಟ್‌ವರ್ಕ್ ಇಲ್ಲ. ಪೇಟೆಯ ಜೆರಾಕ್ಸ್ ಅಂಗಡಿಯವನಿಗೆ ಮಾಡಿದೆ, ಸ್ವಿಚ್ ಆಫ್. ಈ ವಾಯ್ಸ್‌ಗಳಿಗೂ ಒಂದೊಂದೇ ಗೆರೆ ಬಿದ್ದಿದೆ, ನಿನ್ನ ಫೋನಿಗೆ ಇನ್ನೂ ಮುಟ್ಟಿಲ್ಲ.

ನಮ್ಮ ಕಡೆ ಹುಲಿ ಎಲ್ಲಿಂದ ಬರುತ್ತೆ ಅಂತೀಯ. ಹೋದ ವರ್ಷ ಕೆಳಮನೆ ಜವರಪ್ಪನವರ ಮೇಕೆ ಎಳ್ಕೊಂಡು ಹೋದದ್ದು ಚಿರತೆ ತಾನೆ? ಅದು ಸಾಕು. ಭಾನುವಾರ ನೀನು ಕಳಿಸಿದ ವಾಯ್ಸನ್ನ ಇವತ್ತು ಮತ್ತೆ ಮತ್ತೆ ಹಾಕ್ಕೊಂಡು ಕೇಳಿದೆ. "ನಿನ್ನ ಸೋಪಿಗೆ ಹಂದಿ ಹೆದರಲ್ಲ ಕಣಪ್ಪ, ಕಚ್ಚಿ ಕಚ್ಚಿ ಹೋಗ್ಯವೆ" ಅಂತ ನಗ್ತೀಯ. ಆಮೇಲೆ ಮಂಡಿ ವಿಷಯ, ಜೀಪಿನ ವಿಷಯ. ಕೊನೆಗೆ, ಏನೂ ಅಲ್ಲ ಅನ್ನೋ ಹಾಗೆ, "ಕರಿಯ ಎರಡು ದಿನದಿಂದ ಕಾಣ್ತಿಲ್ಲ, ಯಾವ ಹೆಣ್ಣುನಾಯಿ ಹಿಂದೆ ಹೋಯ್ತೋ, ಬಂದರೆ ನಾಲ್ಕು ಬಿಡ್ತೀನಿ" ಅಂತೀಯ. ಆಗ ನಾನೂ ನಕ್ಕಿದ್ದೆ. ಕರಿಯ ನಮ್ಮ ಅಂಗಳ ಬಿಟ್ಟು ಒಂದು ರಾತ್ರಿ ಹೊರಗಿದ್ದ ನಾಯಿಯಾ ಅವ್ವ? ಇಲ್ಲಿ ಮೊದಲು ಸೋಪಿಗೆ ಹಲ್ಲು ಬಿತ್ತು, ಆಮೇಲೆ ನಾಯಿ ಹೋಯ್ತು. ಅಲ್ಲೂ ಅದೇ ಕ್ರಮದಲ್ಲಿ ನಡೀತಿದೆ. ಮುಂದಿನದು ಆಗಬಾರದು, ಅದಕ್ಕೇ ಇಷ್ಟು ಹೇಳ್ತಿರೋದು.

ಈಗ ಮಾಡಬೇಕಾದ್ದು ಕೇಳು. ನಾಳೆ ಜೀಪಿಗೆ ಹೋಗಬೇಡ, ಒಂದು ದಿನದ ಕೂಲಿ ಹೋದರೆ ಹೋಗಲಿ. ಬಿಸಿಲು ಅಂಗಳಕ್ಕೆ ಬಿದ್ದ ಮೇಲೆ ಜವರಪ್ಪನವರನ್ನ, ಅವರ ಮಕ್ಕಳನ್ನ ಕರ್ಕೊ. ತಟ್ಟೆ ಬಡೀತಾ ಹೋಗಿ. ದಾರ ಸಮೇತ ಕತ್ತರಿಸಿ, ಮುಚ್ಚಳ ಇರೋ ಡ್ರಮ್ಮಿಗೆ ಹಾಕಿ ಬಿಗಿಯಾಗಿ ಮುಚ್ಚಿಡಿ. ಮಣ್ಣಲ್ಲಿ ಹೂಳಬೇಡಿ, ಹಂದಿ ಅಗೆದು ತೆಗೆಯುತ್ತೆ. ಕಟ್ಟಿದ್ದ ಜಾಗಕ್ಕೆಲ್ಲ ಬೂದಿ ನೀರು ಹುಯ್ಯಿರಿ, ಜಿಡ್ಡು ಉಳೀಬಾರದು. ಹಸು ಕರುವನ್ನ ಕೊಟ್ಟಿಗೆ ಒಳಗೇ ಕಟ್ಟು. ಚಂದನಾ ಕಾಲೇಜಿಗೆ ಒಳದಾರಿಯಲ್ಲಿ ಹೋಗೋದು ಬೇಡ, ಸುತ್ತಾದರೂ ಟಾರ್ ರಸ್ತೆಯಲ್ಲೇ ಹೋಗಲಿ, ಅವಳು ಮುಖ ಊದಿಸಿದರೂ ಬಿಡಬೇಡ. ಫಾರೆಸ್ಟ್‌ನವರಿಗೆ ನಾನು ಹೇಳಿದ್ದೀನಿ, ಮೇಡಂ ಮುಂದೆಯೇ ಹೇಳಿದೆ, ನಿಮ್ಮ ಕಡೆಯ ಆಫೀಸಿಗೆ ಬೆಳಿಗ್ಗೆ ತಿಳಿಸ್ತಾರಂತೆ. ನಾನು ಮೊದಲ ಬಸ್ಸಿಗೆ ಹೊರಟು ಮಡಿಕೇರಿ, ಸೋಮವಾರಪೇಟೆ ಮೇಲೆ ಬರ್ತೀನಿ. ಮಧ್ಯಾಹ್ನ ಆಗುತ್ತೆ. ಅಷ್ಟರೊಳಗೆ ಯಾರೂ ಬಿಚ್ಚೋಕೆ ಬರದಿದ್ದರೆ ಹಾಗೇ ಇರಲಿ, ನಾನೇ ಬಂದು ಬಿಚ್ಚಿಸ್ತೀನಿ. ನನಗೋಸ್ಕರ ಏನೂ ಅಡಿಗೆ ಮಾಡಬೇಡ, ಗಂಜಿ ಇದ್ದರೆ ಸಾಕು. ಚೋಮಿ ಕೊಟ್ಟ ಪಾತ್ರೆ ಇನ್ನೂ ನನ್ನ ಹತ್ತಿರವೇ ಇದೆ, ಯಾರಿಗೆ ವಾಪಸ್ ಕೊಡೋದು ಅಂತ ಗೊತ್ತಾಗದೆ ಎದುರಿಗೇ ಇಟ್ಕೊಂಡು ಕೂತಿದ್ದೀನಿ.

ಜವರಪ್ಪನವರ ಮನೆಯವರಿಗೆಲ್ಲ ನಾನು ಕೇಳಿದೆ ಅಂತ ಹೇಳು. ಚಂದನಾಳ ತಲೆ ಮೇಲೆ ನನ್ನ ಪರವಾಗಿ ಒಂದು ಮೊಟಕು. ನಿನ್ನ ಕಾಲು ಮುಟ್ಟಿ ನಮಸ್ಕಾರ ಮಾಡೋದನ್ನ ನಾಳೆ ಎದುರಿಗೇ ಬಂದು ಮಾಡ್ತೀನಿ. ಹಣೆಗೆ ವಿಭೂತಿ ಇಟ್ಕೊಳ್ಳುವಾಗ ನನ್ನ ಪಕ್ಕದ ಮನೆಯಲ್ಲಿದ್ದ ಆ ಮುದುಕಿಯನ್ನೂ ಒಂದು ಸಲ ನೆನೆಸ್ಕೊ.

ನಿನ್ನ ಮಗ,
ರೇಣುಕಪ್ರಸಾದ್

ಮತ್ತೆ,

ಅವ್ವ, ಇದನ್ನ ಮೊದಲು ಒತ್ತು. ಮೇಲಿಂದ ಕೇಳ್ಕೊಂಡು ಬರಬೇಡ, ಇದನ್ನ ಒತ್ತು. ಬಸ್ಸಿಗೆ ಹೊರಡೋಣ ಅಂತ ಎದ್ದು ಫೋನ್ ನೋಡಿದರೆ ಎಲ್ಲದಕ್ಕೂ ಎರಡೆರಡು ಗೆರೆ ಬಿದ್ದಿದೆ. ಅಂದರೆ ಫೋನು ಬಂಡೆ ಮೇಲಿದೆ, ಅಂದರೆ ನೀನೂ ಬಂಡೆ ಮೇಲಿದ್ದೀಯ. ಜೀಪು ಬರೋ ಮೊದಲು ನನ್ನ ವಾಯ್ಸ್ ಕೇಳೋಕೆ ಹತ್ತಿದ್ದೀಯ. ಇಲ್ಲಿನ್ನೂ ಕತ್ತಲು, ಅಲ್ಲೂ ಕತ್ತಲೇ ಇರುತ್ತೆ. ಬೇಲಿ ಪಕ್ಕದಲ್ಲೇ ನಡೆದು ಬಂದಿದ್ದೀಯ. ಮೊದಲನೇ ವಾಯ್ಸ್ ಕೇಳಿದ್ದೀಯ, ನೀಲಿ ಆಗಿದೆ. ಎರಡನೇದು ಆಗಿಲ್ಲ. ಆಗ್ತಾನೇ ಇಲ್ಲ. ಮೊದಲನೇದರಲ್ಲಿ ಇರೋದು ಬಿಚ್ಚು, ತಡ ಮಾಡಬೇಡ ಅನ್ನೋದು ಮಾತ್ರ ಅವ್ವ. ಬಿಸಿಲು ಬಂದ ಮೇಲೆ ಅನ್ನೋದು, ಒಬ್ಬಳೇ ಬೇಡ ಅನ್ನೋದು ಎರಡನೇದರಲ್ಲಿದೆ. ಫೋನ್ ಮಾಡಿದೆ, ಒಂದು ಸಲ ರಿಂಗ್ ಆಯ್ತು. ಮತ್ತೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ ಅಂತಾರೆ. ಇಳಿದೆಯಾ? ಇಳಿದಿದ್ದರೆ ದಾರಕ್ಕೆ ಕೈ ಹಾಕಬೇಡ. ಸೋಪು ಅಲ್ಲೇ ಇರಲಿ. ತಿರುಗಿ ಬಂಡೆ ಹತ್ತು. ಬೆಳಕಾಗೋವರೆಗೂ ಮೇಲೆ ಕೂತಿರು. ಎರಡನೇದು ಒತ್ತವ್ವ.